ಇಂಗ್ಲೆಂಡೇ ಗೆಲ್ಲುವುದಾದರೆ ನೋಡುವುದೇನಿದೆ?

ಯುರೋಪಿನ ಆರು ದೇಶಗಳ ಮಹಿಳಾ ತಂಡಗಳು ಪ್ರತಿ ವರ್ಷ ಆಡುವ ಸಿಕ್ಸ್ ನೇಷನ್ಸ್ ರಗ್ಬಿ ಟೂರ್ನಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಹಿಳೆಯರ ಸಿಕ್ಸ್ ನೇಷನ್ಸ್ ಪಂದ್ಯಗಳನ್ನು ಆಸೆಯಿಂದ ನೋಡಲು ಶುರು ಮಾಡಿದೆ. ಆದರೆ ಯಾವ ವರ್ಷ ನೋಡಿದರೂ ಇಂಗ್ಲೆಂಡೇ ಚಾಂಪಿಯನ್. ಫಲಿತಾಂಶ ಮೊದಲೇ ಗೊತ್ತಿದ್ದರೆ ಅದೆಂಥ ಟೂರ್ನಿ? – ಮೈಸೂರಿನ ಓದುಗರು

ನಿಮ್ಮ ದೂರಿನಲ್ಲಿ ಹುರುಳಿದೆ. 2019ರಿಂದ 2025ರವರೆಗಿನ ಏಳೂ ಪ್ರಶಸ್ತಿಗಳು ಇಂಗ್ಲೆಂಡಿನ ಪಾಲಾದವು. ಆ ಅವಧಿಯಲ್ಲಿ ಟೂರ್ನಿಯ ಒಂದು ಪಂದ್ಯವನ್ನೂ ಅದು ಸೋಲಲಿಲ್ಲ. ಅದಕ್ಕೆ ಮೊದಲಿನ ಸೋಲು ಬಂದದ್ದು 2018ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, 18–17ರ ಅಂತರದಿಂದ. ಕೊನೆಗಳಿಗೆಯಲ್ಲಿ ಜೆಸ್ಸಿ ಟ್ರೆಮುಲಿಯೇರ್ ಗಳಿಸಿದ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಅಂದಿನ ಪಂದ್ಯವನ್ನಷ್ಟೇ ಅಲ್ಲ, ಆ ವರ್ಷದ ಪ್ರಶಸ್ತಿಯನ್ನೂ ಫ್ರಾನ್ಸಿಗೆ ಒದಗಿಸಿತು.

ಇಂಗ್ಲೆಂಡಿನ ಈ ಓಟದ ಹಿಂದೆ ಹಣವಿದೆ. 2019ರ ಜನವರಿಯಲ್ಲಿ ಅಲ್ಲಿನ ರಗ್ಬಿ ಮಂಡಳಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಗುತ್ತಿಗೆ ನೀಡಿತು. ವೇಲ್ಸ್ ತನ್ನ ಮೊದಲ 12 ಪೂರ್ಣಾವಧಿ ಗುತ್ತಿಗೆಗಳನ್ನು ಕೊಟ್ಟದ್ದು 2022ರಲ್ಲಿ. ದಿನವಿಡೀ ಅಭ್ಯಾಸ ಮಾಡುವವರಿಗೂ, ಕೆಲಸ ಮುಗಿಸಿ ಸಂಜೆ ಮೈದಾನಕ್ಕೆ ಬರುವವರಿಗೂ ನಡುವೆ ಇಷ್ಟು ವರ್ಷಗಳ ಅಂತರ ಬಿದ್ದರೆ ಏನಾಗುತ್ತದೆ ಎಂಬುದನ್ನು ಅಂಕಪಟ್ಟಿ ತೋರಿಸುತ್ತಿದೆ. ಇದರ ಮೇಲೆ ಇಂಗ್ಲೆಂಡಿನಲ್ಲಿ 2017ರಿಂದ ಬಲವಾದ ಕ್ಲಬ್ ಲೀಗ್ ನಡೆಯುತ್ತಿದೆ. ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡಿನ ಒಳ್ಳೆಯ ಆಟಗಾರ್ತಿಯರಲ್ಲಿ ಹಲವರು ಪಳಗುವುದೂ ಅದೇ ಲೀಗ್‌ನಲ್ಲಿ!

ಹಾಗೆಂದು ನೋಡುವುದನ್ನು ಬಿಡಬೇಕೆ? ಬಾಂಬೆ ತಂಡ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿತ್ತು. ಆ 15 ವರ್ಷವೂ ನಮ್ಮ ಹಿರಿಯರು ಕ್ರಿಕೆಟ್ ನೋಡಿದರು. ಅದಕ್ಕೇ 1974ರ ಬೆಂಗಳೂರು ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ಚೆಂಡು ಗವಾಸ್ಕರ್ ಅವರ ವಿಕೆಟ್ ಕಿತ್ತಾಗ ಆದ ಸಂತೋಷಕ್ಕೆ ಅಷ್ಟು ತೂಕ ಬಂತು.

ನನ್ನ ಸಲಹೆ ಕೇಳುವಿರಾದರೆ, ಮೊದಲ ಸ್ಥಾನವನ್ನು ಬಿಟ್ಟು ಕೆಳಗೆ ಕಣ್ಣು ಹಾಯಿಸಿ. ಐರ್ಲೆಂಡನ್ನೇ ತೆಗೆದುಕೊಳ್ಳಿ. 2013ರಲ್ಲಿ ಐದಕ್ಕೆ ಐದೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಸಾಧಿಸಿದ್ದ ತಂಡ ಮುಂದೆ ವಿಶ್ವಕಪ್‌ಗೆ ಅರ್ಹತೆಯನ್ನೂ ಪಡೆಯದಷ್ಟು ಕುಸಿಯಿತು. 2021ರ ಡಿಸೆಂಬರ್‌ನಲ್ಲಿ 62 ಮಂದಿ ಹಾಲಿ ಮತ್ತು ಮಾಜಿ ಆಟಗಾರ್ತಿಯರು ಮಂಡಳಿಯ ಮೇಲೆ ತಮಗೆ ನಂಬಿಕೆ ಉಳಿದಿಲ್ಲವೆಂದು ಸರ್ಕಾರಕ್ಕೇ ಪತ್ರ ಬರೆದರು. ಗುತ್ತಿಗೆಗಳು ಬಂದ ಮೇಲೂ 2023ರಲ್ಲಿ ಐದಕ್ಕೆ ಐದೂ ಸೋಲು, ಕಟ್ಟಕಡೆಯ ಸ್ಥಾನ. 2024ರ ಏಪ್ರಿಲ್‌ನಲ್ಲಿ ಟ್ವಿಕನಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಇದೇ ತಂಡವನ್ನು 88–10ರಿಂದ ಹೊಸಕಿಹಾಕಿತು. ಅಷ್ಟಾದರೂ ಐರ್ಲೆಂಡ್ ಆ ವರ್ಷ ಮೂರನೇ ಸ್ಥಾನಕ್ಕೆ ಏರಿ ವಿಶ್ವಕಪ್ ಟಿಕೆಟ್ ಪಡೆಯಿತು. ಸೆಪ್ಟೆಂಬರ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ನ್ಯೂಜಿಲೆಂಡನ್ನು 29–27ರಿಂದ ಸೋಲಿಸಿತು. 88 ಅಂಕ ಬಿಟ್ಟುಕೊಟ್ಟ ಮೇಲೆ ಐದೇ ತಿಂಗಳಲ್ಲಿ ಇದು! ವೇಲ್ಸ್‌ನದು ತಲೆಕೆಳಗಾದ ಕಥೆ: 2022 ಮತ್ತು 2023ರಲ್ಲಿ ಮೂರನೇ ಸ್ಥಾನ, 2024 ಮತ್ತು 2025ರಲ್ಲಿ ಕೊನೆಯದು. ಸಂಬಳ ಕೊಟ್ಟ ಕೂಡಲೇ ಗೆಲುವು ಬರುವುದಿಲ್ಲ, ಬಂದರೂ ನಿಲ್ಲುತ್ತದೆಂಬ ಭರವಸೆಯಿಲ್ಲ.

ಇಂಗ್ಲೆಂಡಿನ ಪಂದ್ಯವನ್ನೇ ನೋಡಬೇಕೆಂದರೆ ಫ್ರಾನ್ಸ್ ವಿರುದ್ಧದ್ದನ್ನು ನೋಡಿ. ಎರಡೂ ತಂಡಗಳು ಒಂದೂ ಸೋಲಿಲ್ಲದೆ 2025ರ ಕೊನೆಯ ಪಂದ್ಯಕ್ಕೆ ಬಂದಿದ್ದವು. ಅಂಕ 43–42. ಐದು ತಿಂಗಳ ನಂತರ ವಿಶ್ವಕಪ್ ಫೈನಲ್‌ನಲ್ಲಿ ಕೆನಡಾವನ್ನು 33–13ರಿಂದ ಸುಲಭವಾಗಿ ಮಣಿಸಿದ ಇಂಗ್ಲೆಂಡ್, ಅಂದು ಒಂದೇ ಒಂದು ಅಂಕದಿಂದ ಗೆದ್ದು ನಿಟ್ಟುಸಿರು ಬಿಟ್ಟಿತು.

ಪ್ರಶ್ನೆ: ಸೋತ ತಂಡಕ್ಕೂ ಎರಡು ಅಂಕ ಸಿಕ್ಕಿದ್ದನ್ನು ಕಂಡೆ. ಲೆಕ್ಕ ಅರ್ಥವಾಗಲಿಲ್ಲ. – ಶಿವಮೊಗ್ಗದ ಓದುಗರು

ಟೂರ್ನಿಯ ಅಂಕಪಟ್ಟಿಯಲ್ಲಿ ಗೆದ್ದರೆ 4, ಸಮವಾದರೆ 2. ನಾಲ್ಕು ಅಥವಾ ಹೆಚ್ಚು ಟ್ರೈ ಗಳಿಸಿದರೆ, ಸೋತರೂ ಗೆದ್ದರೂ, ಒಂದು ಬೋನಸ್ ಅಂಕ. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಇನ್ನೊಂದು. ಮೇಲೆ ಹೇಳಿದ ಪಂದ್ಯದಲ್ಲಿ ಫ್ರಾನ್ಸಿಗೆ ಸಿಕ್ಕಿದ್ದು ಈ ಎರಡೇ.

ಐದೂ ಪಂದ್ಯ ಗೆದ್ದವರಿಗೆ ಹೆಚ್ಚುವರಿ 3 ಅಂಕಗಳಿವೆ. ಕಾರಣ ಸ್ವಾರಸ್ಯಕರ. ಬೋನಸ್ ಇಲ್ಲದೆ ಐದೂ ಗೆದ್ದ ತಂಡದ ಗಳಿಕೆ 20. ನಾಲ್ಕನ್ನು ಬೋನಸ್ ಸಮೇತ ಗೆದ್ದು, ಐದನೆಯದನ್ನು ಎರಡು ಬೋನಸ್‌ಗಳೊಂದಿಗೆ ಸೋತ ತಂಡದ್ದು 22. ಎಲ್ಲವನ್ನೂ ಗೆದ್ದವರು ಎರಡನೇ ಸ್ಥಾನಕ್ಕೆ ಇಳಿಯುವ ಅಸಂಬದ್ಧ ತಪ್ಪಲೆಂದು ಆ ಮೂರನ್ನು ಸೇರಿಸಿ 23 ಮಾಡಿದ್ದಾರೆ.

ಪ್ರಶ್ನೆ: ಪುರುಷರ ಸಿಕ್ಸ್ ನೇಷನ್ಸ್ ಫೆಬ್ರವರಿಯಲ್ಲೇ ಶುರುವಾಗುತ್ತದೆ. ಮಹಿಳೆಯರದು ಮಾತ್ರ ಏಕೆ ತಡ? – ಹುಬ್ಬಳ್ಳಿಯ ಓದುಗರು

ಮೊದಲು ಎರಡೂ ಒಂದೇ ಅವಧಿಯಲ್ಲಿ ನಡೆಯುತ್ತಿದ್ದವು. ಪುರುಷರ ಪಂದ್ಯಗಳ ಸದ್ದಿನಲ್ಲಿ ಮಹಿಳೆಯರ ಆಟ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೋವಿಡ್ ಕಾರಣದಿಂದ 2021ರಲ್ಲಿ ಏಪ್ರಿಲ್‌ಗೆ ಹೋದ ಟೂರ್ನಿಗೆ ತನ್ನದೇ ವೇಳಾಪಟ್ಟಿ ಸಿಕ್ಕಿತು, ಅದೇ ಒಳ್ಳೆಯದಾಯಿತು. 2023ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್–ಫ್ರಾನ್ಸ್ ಪಂದ್ಯಕ್ಕೆ 58,498 ಜನ ಬಂದರು.

ಪ್ರಶ್ನೆ: ಸ್ಪೇನ್ ಮೊದಲು ಈ ಟೂರ್ನಿಯಲ್ಲಿತ್ತು ಎಂದು ಓದಿದೆ. ಹೊರಬಿದ್ದದ್ದು ಹೇಗೆ? – ಮಂಗಳೂರಿನ ಓದುಗರು

ಸೋತು ಹೊರಬಿದ್ದದ್ದಲ್ಲ. 1996ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಈ ನಾಲ್ಕೇ ಆಡುತ್ತಿದ್ದವು. 1999ರಲ್ಲಿ ಫ್ರಾನ್ಸ್ ಸೇರಿತು. 2000ದಲ್ಲಿ ಐರ್ಲೆಂಡಿನ ಜಾಗಕ್ಕೆ ಸ್ಪೇನ್ ಬಂತು, 2002ರಲ್ಲಿ ಐರ್ಲೆಂಡ್ ಮರಳಿದಾಗ ಸಂಖ್ಯೆ ಆರಾಯಿತು. ಪುರುಷರ ಟೂರ್ನಿಯಲ್ಲಿ ಆರನೆಯ ದೇಶ ಇಟಲಿ. ಎರಡರಲ್ಲೂ ಅವೇ ದೇಶಗಳಿರಲಿ ಎಂದು 2007ರಲ್ಲಿ ಸ್ಪೇನನ್ನು ಕೈಬಿಟ್ಟು ಇಟಲಿಯನ್ನು ಸೇರಿಸಿಕೊಂಡರು. ತಮ್ಮ ದೇಶದ ಗಂಡಸರು ಎಲ್ಲಿ ಆಡುತ್ತಾರೆ ಎಂಬುದರ ಮೇಲೆ ಹೆಂಗಸರ ಜಾಗ ನಿರ್ಧಾರವಾದದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಕೊನೆಯ ಸ್ಥಾನಕ್ಕೆ ಬಂದವರು ಕೆಳದರ್ಜೆಗೆ ಇಳಿಯುವ ನಿಯಮವೂ ಇಲ್ಲದಿರುವುದರಿಂದ ಸ್ಪೇನ್‌ಗೆ ಮರಳುವ ದಾರಿಯಿಲ್ಲ. 2025ರ ವಿಶ್ವಕಪ್‌ನಲ್ಲಿ ಮಾತ್ರ ಅದೂ ಆಡಿತು.

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ಈ ಪಂದ್ಯಗಳನ್ನು ನೋಡಿ ಹತ್ತು ವರ್ಷದ ಮಗಳು ರಗ್ಬಿ ಕ್ಲಬ್ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ತಲೆಗೆ ಪೆಟ್ಟಾದರೆ ಎಂದು ನನಗೆ ಭಯ. – ಒಬ್ಬ ತಾಯಿ

ಭಯಪಡಬೇಡಿ ಎಂದು ಹೇಳಲಾರೆ, ಅಮ್ಮ. ಇದು ಮೈಗೆ ಮೈ ತಾಗುವ ಆಟ. ಮಹಿಳೆಯರಿಗೆಂದು ಮೆತ್ತಗಿನ ನಿಯಮಗಳೂ ಇಲ್ಲ: ಅದೇ 15 ಮಂದಿ, ಅದೇ 80 ನಿಮಿಷ, ಚೆಂಡು ಹಿಡಿದವರನ್ನು ತಬ್ಬಿ ಕೆಡವುವ ಅದೇ ಟ್ಯಾಕಲ್. ಆದರೆ ನೀವು ಟಿವಿಯಲ್ಲಿ ಕಾಣುವುದಕ್ಕೂ ಮಕ್ಕಳ ಕ್ಲಬ್‌ನಲ್ಲಿ ನಡೆಯುವುದಕ್ಕೂ ವ್ಯತ್ಯಾಸವಿದೆ. ಇಂಗ್ಲೆಂಡಿನ ಕ್ಲಬ್ ಮಟ್ಟದಲ್ಲಿ 2023ರಿಂದ ಎದೆಮೂಳೆಯ ಕೆಳತುದಿ ಅಥವಾ ಅದಕ್ಕಿಂತ ಕೆಳಗೆ ಮಾತ್ರ ಟ್ಯಾಕಲ್ ಮಾಡಬಹುದು. ತಲೆಗೆ ಪೆಟ್ಟಾದ ಸಂಶಯ ಬಂದರೂ ಸಾಕು, ಮಗುವನ್ನು ಆಟದಿಂದ ಹೊರಗೆ ಕರೆಯಬೇಕು. ಮಿದುಳಿಗೆ ಆಘಾತವಾಗಿದ್ದರೆ ಕನಿಷ್ಠ 21 ದಿನ ಪಂದ್ಯ ಆಡುವಂತಿಲ್ಲ.

ಸೇರಿಸುವ ಮೊದಲು ಒಂದು ದಿನ ನೀವೇ ಮೈದಾನದ ಅಂಚಿನಲ್ಲಿ ನಿಂತು ಅಭ್ಯಾಸ ನೋಡಿ. ಬಿದ್ದಾಗ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಟ್ಯಾಕಲ್ ಮಾಡುವಾಗ ತಲೆ ಯಾವ ಕಡೆಗಿರಬೇಕು ಎಂದು ತಾಳ್ಮೆಯಿಂದ ಕಲಿಸುವ ತರಬೇತುದಾರರಿದ್ದರೆ ಸೇರಿಸಿ. ಕುತ್ತಿಗೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿಸುತ್ತಾರೆಯೇ ಎಂದೂ ಕೇಳಿ. ಪೆಟ್ಟು ತಿಂದ ಮಗುವಿಗೆ “ಏನಾಗಿಲ್ಲ, ಆಡು” ಎನ್ನುವವರು ಕಂಡರೆ ಮಗಳನ್ನು ಕರೆದುಕೊಂಡು ಬೇರೆ ಕ್ಲಬ್ ಹುಡುಕಿ.

ಪ್ರಶ್ನೆ: ಭಾರತದ ಹುಡುಗಿಯರು ಈ ಟೂರ್ನಿಯಲ್ಲಿ ಆಡಬಹುದೇ? – ಬೆಳಗಾವಿಯ ಕಾಲೇಜು ವಿದ್ಯಾರ್ಥಿನಿ

ಭಾರತ ತಂಡವಾಗಿ ಸಾಧ್ಯವಿಲ್ಲ, ಇದು ಆ ಆರು ದೇಶಗಳದ್ದೇ ಕೂಟ. ವ್ಯಕ್ತಿಯಾಗಿ ದಾರಿಯಿದೆ: ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಹೆತ್ತವರೋ ಅಜ್ಜ ಅಜ್ಜಿಯರೋ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲವಾದರೆ ಸತತ ಐದು ವರ್ಷ ಅಲ್ಲಿ ವಾಸವಿರಬೇಕು. ಲೆಸ್ಟರ್‌ನ ಆ ಹುಡುಗಿಗೆ ಹಾದಿ ನಿಮಗಿಂತ ಹತ್ತಿರ.

ನಂಟು ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಪುರುಷರ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದಲ್ಲಿ ಗೆದ್ದವರು ಎತ್ತುವ ಕಲ್ಕತ್ತಾ ಕಪ್, ಕಲ್ಕತ್ತೆಯ ರಗ್ಬಿ ಕ್ಲಬ್ಬೊಂದು ಮುಚ್ಚುವಾಗ ತನ್ನ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿಕೊಟ್ಟದ್ದು. ಹಿಡಿಕೆಗಳು ನಾಗರಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆಯಿದೆ.

ನಿಮ್ಮ ಮಟ್ಟಿಗೆ ಏಷ್ಯಾ ಮಟ್ಟದ ಸ್ಪರ್ಧೆಗಳೇ ನಿಜವಾದ ಗುರಿ. ಭಾರತದ ಮಹಿಳೆಯರ 15 ಮಂದಿಯ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ. ಮರುವರ್ಷ ಮನಿಲಾದಲ್ಲಿ ಸಿಂಗಪುರವನ್ನು 21–19ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. ಒಲಿಂಪಿಕ್ಸ್‌ನಲ್ಲಿರುವುದು ಏಳು ಮಂದಿಯ ಆಟವಾದ್ದರಿಂದ ನಮ್ಮಲ್ಲಿ ಅದಕ್ಕೇ ಹೆಚ್ಚು ಒತ್ತು. ನೀವು ವೇಗವಾಗಿ ಓಡಬಲ್ಲಿರಾದರೆ ಅಲ್ಲಿಂದಲೇ ಶುರು ಮಾಡಿ. ಬೆಂಗಳೂರಿನಲ್ಲಿ ರಗ್ಬಿ ಕ್ಲಬ್ ಇದೆ, ರಾಜ್ಯ ತಂಡದ ಆಯ್ಕೆಯ ಬಗ್ಗೆ ಅಲ್ಲಿ ವಿಚಾರಿಸಿ.