ಮಾಕ್ ಟೆಸ್ಟ್ ಬರೆದಷ್ಟಕ್ಕೇ ನೀಟ್ ಮಾರ್ಕ್ಸ್ ಏರಲ್ಲ

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡೋನು, ಮೆಡಿಕಲ್ ಸೀಟಿಗೆ ಬರೆಯೋ ನೀಟ್ ಪ್ರವೇಶ ಪರೀಕ್ಷೆ ಬ್ಯಾಚ್‌ಗೂ ಹೇಳ್ಕೊಡ್ತೀನಿ. ಪ್ರತಿ ವರ್ಷ ಅವೇ ಪ್ರಶ್ನೆ ಬರ್ತಾವೆ, ಉತ್ತರ ಕೊಟ್ಟರೂ ಮತ್ತೆ ಅವೇ ಬರ್ತಾವೆ. ಪರೀಕ್ಷೆಗೆ ಎಷ್ಟು ಪ್ರಶ್ನೆ, ಅರ್ಜಿ ಹೇಗೆ ಹಾಕೋದು ಅನ್ನೋದನ್ನೆಲ್ಲ ಇಲ್ಲಿ ಹೇಳಲ್ಲ, ಮಾಹಿತಿ ಪುಸ್ತಿಕೆಯಲ್ಲಿದೆ, ದಯವಿಟ್ಟು ಓದ್ಕೊಳಿ.

ಪ್ರಶ್ನೆ: ಸರ್, ಮಗಳು ಲಾಂಗ್ ಟರ್ಮ್ (ಪಿಯು ಮುಗಿಸಿ ಮತ್ತೆ ನೀಟ್ ಬರೆಯೋಕೆ ವರ್ಷಪೂರ್ತಿ ಕೋಚಿಂಗ್) ಸೇರಿದ್ದಾಳೆ. ವಾರಕ್ಕೆ ಮೂರು ಮಾಕ್ ಟೆಸ್ಟ್ ಬರೀತಾಳೆ, ಆದ್ರೂ 720ಕ್ಕೆ 430 ದಾಟ್ತಾ ಇಲ್ಲ. ಇನ್ನೊಂದು ಟೆಸ್ಟ್ ಸೀರೀಸ್ ತೆಗೆಸಿಕೊಡ್ಲಾ?

ಬೇಡಮ್ಮ. ಇರೋದನ್ನೇ ಕಮ್ಮಿ ಮಾಡಿಸಿ, ವಾರಕ್ಕೆ ಒಂದು ಸಾಕು. ಟೆಸ್ಟ್ ಬರೆದ ರಾತ್ರಿ ಸ್ಕೋರ್ ನೋಡಿ ಅತ್ತು ಮಲಗಿ ಬೆಳಗ್ಗೆ ಎದ್ದು ಇನ್ನೊಂದು ಟೆಸ್ಟ್‌ಗೆ ಕೂತ್ಕೊಂಡ್ರೆ ನಿನ್ನೆ ಮಾಡಿದ ತಪ್ಪೇ ಇವತ್ತೂ ಆಗುತ್ತೆ, ಅದೇ ಅಭ್ಯಾಸ ಆಗ್ಬಿಡುತ್ತೆ.

ಲೆಕ್ಕ ಹಾಕಿ ನೋಡಿ. ಸರಿ ಉತ್ತರಕ್ಕೆ ನಾಲ್ಕು ಮಾರ್ಕ್, ತಪ್ಪಿಗೆ ಒಂದು ಕಟ್. 180ರಲ್ಲಿ 160 ಪ್ರಶ್ನೆ ಮುಟ್ಟಿದ್ದಾಳೆ, 118 ಸರಿ, 42 ತಪ್ಪು ಅಂದ್ಕೊಳ್ಳಿ. 472ರಲ್ಲಿ 42 ಹೋಗಿ 430. ಪ್ರತಿ ತಪ್ಪಿಗೂ ಹೋಗೋದು ಒಂದೇ ಮಾರ್ಕ್ ಅಲ್ಲ, ಬರಬೇಕಾಗಿದ್ದ ನಾಲ್ಕೂ ಸೇರಿ ಐದು. ಆ 42ರಲ್ಲಿ 20 ಪ್ರಶ್ನೆ ಅವಳಿಗೆ ಗೊತ್ತಿದ್ದೂ ತಪ್ಪಿಸಿದ್ದು ಅಂತಾದ್ರೆ, ಅದೊಂದನ್ನ ಸರಿ ಮಾಡಿದ್ರೆ ಹೊಸ ಪಾಠ ಒಂದೂ ಓದದೆ 530 ಬರುತ್ತೆ. ಇದನ್ನ ಪೋಷಕರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಅವರು ಮಾತ್ರ ಹೊಸ ಮೆಟೀರಿಯಲ್ ಯಾವುದು ಸರ್ ಅಂತಾನೇ ಕೇಳ್ತಾರೆ.

ಗೊತ್ತಿದ್ದೂ ಹೇಗೆ ತಪ್ಪಾಗುತ್ತೆ ಅಂತೀರಾ? ಮೊಮೆಂಟಮ್ 50 ಪರ್ಸೆಂಟ್ ಜಾಸ್ತಿ ಆದ್ರೆ ಕೈನೆಟಿಕ್ ಎನರ್ಜಿ ಎಷ್ಟು ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ ಕೇಳ್ತಾರೆ. ಎನರ್ಜಿ ಏರೋದು ಮೊಮೆಂಟಮ್‌ನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಒಂದೂವರೆಯ ವರ್ಗ 2.25 ಅಂತ ರಫ್ ಜಾಗದಲ್ಲಿ ನೀಟಾಗಿ ಬರೆದಿರ್ತಾರೆ, ಆಮೇಲೆ 225 ಅನ್ನೋ ಆಪ್ಷನ್ ಕಣ್ಣಿಗೆ ಬಿದ್ದ ತಕ್ಷಣ ಅದಕ್ಕೇ ಗುರುತು. ಕೇಳಿದ್ದು ಎಷ್ಟು ಜಾಸ್ತಿ ಅಂತ, ಉತ್ತರ 125. ಬಯಾಲಜಿಯಲ್ಲಿ "ತಪ್ಪಾದ ಹೇಳಿಕೆ ಯಾವುದು" ಅಂತಿರುತ್ತೆ, ಮೊದಲನೇ ಹೇಳಿಕೆ ಸರಿ ಕಂಡ ತಕ್ಷಣ ವೃತ್ತ ತುಂಬಿ ಮುಂದಕ್ಕೆ ಓಟ. ಇದಕ್ಕೆ ಸಿಲ್ಲಿ ಮಿಸ್ಟೇಕ್ ಅಂತ ಹೆಸರಿಟ್ಟು ಮಕ್ಕಳು ಕೈ ತೊಳ್ಕೊಳ್ತಾರೆ, ಐದು ಮಾರ್ಕ್ಸ್ ಹೋಗೋದು ನನ್ನ ಪ್ರಕಾರ ಸಿಲ್ಲಿ ಅಲ್ಲ.

ಹೀಗೆ ಮಾಡಿಸಿ. ಟೆಸ್ಟ್ ಆದ ಮಾರನೇ ದಿನ ತಪ್ಪಾದ ಪ್ರಶ್ನೆಗಳನ್ನಷ್ಟೇ ಕೀ ಉತ್ತರ ನೋಡದೆ, ಗಡಿಯಾರ ಪಕ್ಕಕ್ಕಿಟ್ಟು, ಮತ್ತೆ ಬಿಡಿಸ್ಲಿ. ಈಗ ಸರಿ ಬಂದ್ರೆ ಅವತ್ತು ಆಗಿದ್ದು ಅವಸರ, ಅಥವಾ ಪ್ರಶ್ನೆ ತಪ್ಪು ಓದಿದ್ದು. ಈಗಲೂ ಬರಲ್ಲ ಅಂದ್ರೆ ಮಾತ್ರ ಆ ಚಾಪ್ಟರ್‌ಗೆ ವಾಪಸ್ ಹೋಗ್ಬೇಕು, ಹೋಗೋದು ಎನ್‌ಸಿಇಆರ್‌ಟಿ ಪುಸ್ತಕಕ್ಕೆ, ಸೀನಿಯರ್ ಕೊಟ್ಟ ಶಾರ್ಟ್ ನೋಟ್ಸ್‌ಗೆ ಅಲ್ಲ. ಪ್ರತಿ ತಪ್ಪಿನ ಪಕ್ಕ ಕಾರಣ ಬರೀಲಿ: ಗೊತ್ತಿರ್ಲಿಲ್ಲ, ತಪ್ಪು ಓದಿದೆ, ಲೆಕ್ಕ ತಪ್ಪಿತು, ಅಂದಾಜು ಹೊಡೆದೆ. ನಾಲ್ಕೈದು ಟೆಸ್ಟ್ ಕಳೆದ ಮೇಲೆ ಆ ಪಟ್ಟಿ ಮುಂದೆ ಇಟ್ಕೊಂಡು ಕೂತ್ರೆ ಅವಳ ಕಾಯಿಲೆ ಏನು ಅಂತ ಅವಳಿಗೇ ಕಾಣುತ್ತೆ. ಮೂರು ಗಂಟೆ ಬರೆದಿದ್ದಕ್ಕೆ ಕಮ್ಮಿ ಅಂದ್ರೂ ಮೂರು ಗಂಟೆ ತಿದ್ದೋಕೆ ಬೇಕು.

ಇನ್ನೊಂದು, ಓಎಂಆರ್, ಅಂದ್ರೆ ವೃತ್ತ ತುಂಬಿ ಉತ್ತರ ಗುರುತಿಸೋ ಹಾಳೆ. ಎಲ್ಲಾ ಪ್ರಶ್ನೆ ಮುಗಿಸಿ ಕೊನೇ ಹತ್ತು ನಿಮಿಷದಲ್ಲಿ ವೃತ್ತ ತುಂಬ್ತೀನಿ ಅನ್ನೋ ಅಭ್ಯಾಸ ಇದ್ರೆ ಇವತ್ತೇ ಬಿಡಿಸಿ. ಪೆನ್ನಲ್ಲಿ ತುಂಬಿದ್ದು ಅಳಿಸೋಕೆ ಬರಲ್ಲ, ಒಂದು ಸಾಲು ಜಾರಿದ್ರೆ ಕೆಳಗಿನದೆಲ್ಲಾ ಜಾರುತ್ತೆ. ಪುಟ ಮುಗಿದಂಗೆ ಪುಟದ್ದು ತುಂಬ್ಲಿ, ಮನೇಲಿ ಬರೆಯೋ ಮಾಕ್ ಟೆಸ್ಟೂ ಮೊಬೈಲ್‌ನಲ್ಲಿ ಬೇಡ, ಪೇಪರ್ ಮೇಲೇ ಆಗ್ಲಿ.

ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಓದ್ಬೇಕು?

ತಲೆಗೆ ಹತ್ತೋವಷ್ಟು. ಹದಿನಾರು ಗಂಟೆ ಓದಿದೆ ಅನ್ನೋ ರೀಲ್ಸ್ ನೋಡೋದು ಬಿಡಿ.

ಪ್ರಶ್ನೆ: 50 ಪರ್ಸೆಂಟೈಲ್ ಬಂದ್ರೆ ಎಂಬಿಬಿಎಸ್ ಸೀಟು ಗ್ಯಾರಂಟಿ ಅಲ್ವಾ?

ಅಲ್ಲ. 50 ಪರ್ಸೆಂಟೈಲ್ ಅಂದ್ರೆ ಬರೆದವರಲ್ಲಿ ಅರ್ಧದಷ್ಟು ಜನಕ್ಕಿಂತ ಮುಂದೆ ಇದ್ದೀರಿ ಅಂತ, 50 ಪರ್ಸೆಂಟ್ ಮಾರ್ಕ್ಸ್ ಅಂತಲ್ಲ. ಅದು ಜನರಲ್ ಕೆಟಗರಿಯವರಿಗೆ ಸೀಟು ಹಂಚೋ ಕೌನ್ಸೆಲಿಂಗ್ ಬಾಗಿಲ ತನಕ ಹೋಗೋ ಅರ್ಹತೆ ಅಷ್ಟೇ, ಸೀಟು ಸಿಗೋದು ರ್‍ಯಾಂಕ್ ಮೇಲೆ.

ಪ್ರಶ್ನೆ: ನೆನಪಿನ ಶಕ್ತಿ ಹೆಚ್ಚಿಸೋ ಮಾತ್ರೆ ತಗೋಬಹುದಾ? ಫ್ರೆಂಡ್ಸ್ ಎಲ್ಲಾ ತಗೋತಿದ್ದಾರೆ.

ಬೇಡ. ಡಾಕ್ಟರ್ ಚೀಟಿ ಇಲ್ಲದೆ ಏನನ್ನೂ ನುಂಗ್ಬೇಡಿ, ಫ್ರೆಂಡ್ಸ್‌ಗೂ ಹೇಳಿ. ರಾತ್ರಿ ಏಳು ಗಂಟೆ ಕಾಲ ನಿದ್ದೆ ಮಾಡಿ, ಓದಿದ್ದು ಗಟ್ಟಿಯಾಗೋದು ಅಲ್ಲೇ.

ಪ್ರಶ್ನೆ: ನೀಟ್ ಇಲ್ಲದೇನೂ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ, ಅಡ್ವಾನ್ಸ್ ಕೊಡಿ ಅಂತ ಒಬ್ರು ಹೇಳ್ತಿದ್ದಾರೆ.

ಅವನು ಕಳ್ಳ. ಮ್ಯಾನೇಜ್‌ಮೆಂಟ್ ಇರ್ಲಿ, ಎನ್‌ಆರ್‌ಐ ಕೋಟಾ ಇರ್ಲಿ, ನೀಟ್ ಪಾಸಾಗದೆ ದೇಶದಲ್ಲಿ ಎಲ್ಲೂ ಎಂಬಿಬಿಎಸ್ ಸೀಟಿಲ್ಲ. ವಿದೇಶದಲ್ಲಿ ಓದಿ ಬಂದು ಇಲ್ಲಿ ಡಾಕ್ಟರ್ ಆಗ್ತೀನಿ ಅಂದ್ರೂ ನೀಟ್ ಬೇಕು. ಸೀಟು ಹಂಚೋದು ಕೇಂದ್ರದ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಮತ್ತು ನಮ್ಮ ರಾಜ್ಯದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ. ಮಾರ್ಕ್ಸ್ ತಿದ್ದಿಸ್ತೀನಿ, ಪೇಪರ್ ಕೊಡ್ತೀನಿ ಅನ್ನೋರಿಗೆ 2024ರ ಪರೀಕ್ಷಾ ಅಕ್ರಮ ತಡೆ ಕಾಯ್ದೆಯಲ್ಲಿ ಜೈಲಿದೆ. ಜಮೀನು ಅಡ ಇಟ್ಟು ಇಂಥವರ ಕೈಗೆ ದುಡ್ಡು ಹಾಕ್ಬೇಡಿ, ಪೊಲೀಸ್‌ಗೆ ದೂರು ಕೊಡಿ.

ಪ್ರಶ್ನೆ: ಕನ್ನಡದಲ್ಲಿ ನೀಟ್ ಬರೆದ್ರೆ ಮಾರ್ಕ್ಸ್ ಕಮ್ಮಿ ಹಾಕ್ತಾರಂತೆ?

ಯಾರು ಹೇಳಿದ್ದು? ಓಎಂಆರ್ ಹಾಳೆಯನ್ನ ಓದೋದು ಮೆಷಿನ್, ನೀವು ಯಾವ ಭಾಷೆಯಲ್ಲಿ ಯೋಚಿಸಿ ವೃತ್ತ ತುಂಬಿದ್ರಿ ಅಂತ ಅದಕ್ಕೆ ಗೊತ್ತಾಗಲ್ಲ. ಆದ್ರೆ ಒಂದು ಎಚ್ಚರ ಇರ್ಲಿ. ಕನ್ನಡ ಆರಿಸಿಕೊಂಡೋರಿಗೆ ಪ್ರಶ್ನೆ ಎರಡೂ ಭಾಷೆಯಲ್ಲಿ ಬರುತ್ತೆ, ಅನುವಾದದಲ್ಲಿ ಗೊಂದಲ ಇದ್ರೆ ಇಂಗ್ಲಿಷ್‌ದೇ ಅಂತಿಮ. ಅದಕ್ಕೇ ಪ್ರತಿ ಚಾಪ್ಟರ್‌ನ ಮುಖ್ಯ ಪದಗಳನ್ನ ಎರಡೂ ಭಾಷೆಯಲ್ಲಿ ಕಲಿತಿರಿ, ವಾಕ್ಯ ಎಲ್ಲಾದ್ರೂ ಅಡ್ಡಾದಿಡ್ಡಿ ಅನ್ನಿಸಿದ್ರೆ ತಕ್ಷಣ ಇಂಗ್ಲಿಷ್ ಕಡೆ ಕಣ್ಣು ಹಾಯಿಸಿ, ಆಮೇಲೆ ಗುರುತು ಹಾಕಿ.