ದೊಡ್ಡ ರಿವಾಲ್ವರ್ ಸೊಂಟಕ್ಕೆ ಭಾರ ಅನ್ನಿಸಿದರೆ ಮೊದಲು ಬೆಲ್ಟ್ ನೋಡಿ

ನಿಮ್ಮ ಪೋಸ್ಟು, ಫೋಟೋ ಎರಡನ್ನೂ ನೋಡಿದೆ. ತಂದೆಯವರಿಂದ ಬಂದ, ನಾಲ್ಕು ಇಂಚಿನ ಬ್ಯಾರೆಲ್ಲಿನ ಸ್ಮಿತ್ ಆಂಡ್ ವೆಸನ್ ಮಾಡೆಲ್ 28 ರಿವಾಲ್ವರ್. ಅದಕ್ಕೆ ನಿಮ್ಮ ಸ್ನೇಹಿತರು ನಿರ್ಭೀಕ್ ಅನ್ನುವ ಹಗುರ ರಿವಾಲ್ವರಿಗೆ ಹಾಕುವಂಥದ್ದೇ ಮೆತ್ತನೆ ಬಟ್ಟೆಯ ಹೋಲ್ಸ್ಟರ್ (ಸೊಂಟಕ್ಕೆ ಕಟ್ಟುವ ಒರೆ), ಪ್ಯಾಂಟಿನ ಒಳಗೆ ಕ್ಲಿಪ್. ಸಂಬಳದ ದಿನ ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಸೊಂಟದ ಮೂಳೆ ನೋಯುತ್ತದೆ, ಷರ್ಟಿನ ಮೇಲೆ ಹಿಡಿ ಎದ್ದು ಕಾಣುತ್ತದೆ ಅಂದಿದ್ದೀರಿ. ಅದಕ್ಕೇ ಈಗ ಬೆನ್ನ ಹಿಂದೆ, ನಡು ಮಧ್ಯಕ್ಕೆ ಬರುವ ಹೋಲ್ಸ್ಟರ್ ತರಿಸೋಣ ಅಂತಿದ್ದೀರಿ.

ದಯವಿಟ್ಟು ತರಿಸಬೇಡಿ. ನಾನು ಇದೇ ದಾರಿಯಲ್ಲಿ ಹೋದವನು. ಮೊದಲು ಮೆತ್ತನೆ ಹೋಲ್ಸ್ಟರ್, ಆಮೇಲೆ ಬೆನ್ನ ಹಿಂದಿನದು. ಒಂದು ಜುಲೈ ಬೆಳಿಗ್ಗೆ ತೋಟದ ಇಳಿಜಾರಿನಲ್ಲಿ, ಸಿಲ್ವರ್ ಓಕ್ ಎಲೆ ಕೊಳೆತು ಜಾರುವ ಜಾಗದಲ್ಲಿ, ಕಾಲು ಮುಂದಕ್ಕೆ ಹೋಯಿತು. ಬೆನ್ನ ಮೇಲೆ ಬಿದ್ದೆ. ನೆಲಕ್ಕೂ ಬೆನ್ನುಮೂಳೆಗೂ ಮಧ್ಯೆ ಒಂದು ಕೆ.ಜಿ.ಗೂ ಜಾಸ್ತಿ ತೂಕದ ಕಬ್ಬಿಣ. ಹದಿನೈದು ದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗಲಿಲ್ಲ. ಮೂಳೆ ಮುರಿಯಲಿಲ್ಲ ಅನ್ನುವುದು ಅದೃಷ್ಟ. ನಮ್ಮ ಊರಿನ ಮಳೆಗಾಲದಲ್ಲಿ ಬೀಳದವರು ಯಾರಿದ್ದಾರೆ? ಹಾಗಾಗಿ ಬೆನ್ನುಮೂಳೆಯ ಮೇಲೆ ಗಟ್ಟಿ ವಸ್ತು ಕಟ್ಟಬೇಡಿ. ಜೀಪಿನಲ್ಲಿ ಕೂತರೂ ಅದು ಸೀಟಿಗೆ ಒತ್ತಿ ಹಿಂಸೆ ಕೊಡುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಹೋಲ್ಸ್ಟರ್ ಬಗ್ಗೆ ಉದ್ದಕ್ಕೆ ಬರೆದಿದ್ದೀರಿ, ಬೆಲ್ಟ್ ಬಗ್ಗೆ ಒಂದು ಮಾತಿಲ್ಲ. ಫೋಟೋದಲ್ಲಿ ಕಾಣುವುದು ಆಫೀಸಿಗೆ ಹಾಕುವ ತೆಳು ಬೆಲ್ಟ್. ನಿರ್ಭೀಕ್ ಸುಮಾರು ಅರ್ಧ ಕೆ.ಜಿ. ನಿಮ್ಮದು ಎನ್ ಫ್ರೇಮ್, ಅಂದರೆ ಆ ಕಂಪನಿಯ ದೊಡ್ಡ ಗಾತ್ರದ ಚೌಕಟ್ಟು, ಆರು ಗುಂಡು ತುಂಬಿದರೆ ಹತ್ತಿರ ಹತ್ತಿರ 1.3 ಕೆ.ಜಿ. ಆ ಬೆಲ್ಟ್ ಇಷ್ಟು ತೂಕಕ್ಕೆ ಮಡಚಿಕೊಳ್ಳುತ್ತದೆ. ಮಡಚಿದಾಗ ಹಿಡಿ ಹೊರಕ್ಕೆ ವಾಲುತ್ತದೆ, ಗುಂಡು ತುಂಬುವ ಉರುಳೆ, ಅಂದರೆ ಸಿಲಿಂಡರ್, ಒಳಕ್ಕೆ ಒತ್ತುತ್ತದೆ. ನಿಮ್ಮ ನೋವೂ, ಎದ್ದು ಕಾಣುವ ಹಿಡಿಯೂ ಎರಡಲ್ಲ, ಒಂದೇ ಕಾಯಿಲೆ.

ನನಗೆ ಇದು ಅರ್ಥವಾದದ್ದು ಒಂದು ಮದುವೆಯಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಕೊಡವ ಉಡುಪಿನಲ್ಲಿ, ಕುಪ್ಯ ಅನ್ನುವ ನಿಲುವಂಗಿ ಹಾಕಿ, ಸೊಂಟಕ್ಕೆ ಚೇಲೆ ಅನ್ನುವ ಬಟ್ಟೆ ಸುತ್ತಿ, ಪೀಚೆಕತ್ತಿ ಅನ್ನುವ ಚಿಕ್ಕ ಕತ್ತಿ ಸಿಕ್ಕಿಸಿಕೊಂಡು ಓಡಾಡಿದ್ದೆ. ಊಟಕ್ಕೆ ಕೂತೆ, ಎದ್ದೆ, ವಾಲಗಕ್ಕೆ ಕುಣಿದೆ. ಪೀಚೆಕತ್ತಿ ಇದೆ ಅನ್ನುವುದೇ ಮರೆತುಹೋಗಿತ್ತು. ರಾತ್ರಿ ಮನೆಗೆ ಬಂದು ಚೇಲೆ ಬಿಚ್ಚುವಾಗ ಸುತ್ತು ಸುತ್ತಾಗಿ ಬಂತು. ಅಂಗೈ ಅಗಲದ ಪಟ್ಟಿ, ಹೊಟ್ಟೆ ಸುತ್ತ ಪೂರ್ತಿ ಬಿಗಿ, ಎಲ್ಲೂ ಒಂದೇ ಜಾಗಕ್ಕೆ ಒತ್ತಿದ ಗುರುತಿಲ್ಲ. ಕತ್ತಿಯ ತೂಕ ಸೊಂಟಕ್ಕೆಲ್ಲ ಹಂಚಿಹೋಗಿತ್ತು. ಮರುದಿನ ಅದೇ ಸೊಂಟಕ್ಕೆ ತೆಳು ಬೆಲ್ಟು, ರಿವಾಲ್ವರು ಹಾಕಿದೆ. ಒಂದು ಗಂಟೆಯಲ್ಲಿ ಬಲಗಡೆ ಕೆಂಪು ಗೆರೆ. ಹಿಂದೆ ಒಡಿಕತ್ತಿ ಅನ್ನುವ ಅಗಲ ಕತ್ತಿಯನ್ನು ಬೆನ್ನಿಗೆ ಹೊತ್ತವರೂ ಅದನ್ನು ಸುಮ್ನೆ ಸಿಕ್ಕಿಸಿಕೊಳ್ಳುತ್ತಿರಲಿಲ್ಲ. ಅದನ್ನು ಹಿಡಿದಿಡಲು ತೊಡಂಗ್ ಅನ್ನುವ ಗಟ್ಟಿ ಲೋಹದ ಕೊಂಡಿ ಇತ್ತು, ಅದು ಪಟ್ಟಿಗೆ ಕೂತಿರುತ್ತಿತ್ತು. ಹೊರುವ ಪಟ್ಟಿ ಅಗಲ, ಹಿಡಿಯುವ ಸಾಮಾನು ಗಟ್ಟಿ. ನಮ್ಮ ಹಿರಿಯರು ಇದನ್ನು ಕಂಡುಕೊಂಡಿದ್ದರು, ನಾನು ಮೂರು ಹೋಲ್ಸ್ಟರ್ ದುಡ್ಡು ಕಳೆದ ಮೇಲೆ ಕಂಡುಕೊಂಡೆ.

ಬೆಲ್ಟ್ ಒಂದೂವರೆ ಇಂಚು ಅಗಲ ಇರಲಿ. ಎರಡು ಪದರ ಚರ್ಮ, ಅಂಚಿಗೆ ಹೊಲಿಗೆ. ಕೊಳ್ಳುವಾಗ ಅಡ್ಡಕ್ಕೆ ಹಿಡಿದು ತಿರುಚಿ ನೋಡಿ. ಸುಲಭವಾಗಿ ತಿರುಚಿದರೆ ಅಲ್ಲೇ ಬಿಟ್ಟು ಬನ್ನಿ. ಹೋಲ್ಸ್ಟರಿನಲ್ಲಿ ಬೆಲ್ಟ್ ತೂರುವ ಸೀಳು ಕೂಡ ಒಂದೂವರೆ ಇಂಚೇ ಇರಬೇಕು. ಸೀಳು ದೊಡ್ಡದು, ಬೆಲ್ಟು ಸಣ್ಣದು ಆದರೆ ಇಡೀ ಸಾಮಾನು ಹಿಂದೆ ಮುಂದೆ ಜಾರುತ್ತಿರುತ್ತದೆ. ನನ್ನದನ್ನು ಮೈಸೂರಿನಲ್ಲಿ ಕುದುರೆ ಜೀನು ಹೊಲಿಯುವವರ ಹತ್ತಿರ ಮಾಡಿಸಿದೆ. ಮಾಲ್‌ಗಳಲ್ಲಿ ಸಿಗುವ ಹೆಸರುವಾಸಿ ಬೆಲ್ಟುಗಳಲ್ಲಿ ಎಷ್ಟೋ ಒಳಗೆ ರಟ್ಟು ಇಟ್ಟು ಮೇಲೆ ತೆಳು ಚರ್ಮ ಅಂಟಿಸಿದವು. ಒಂದು ಮಳೆಗಾಲದಲ್ಲಿ ಉಬ್ಬಿ ಬಿಟ್ಟುಕೊಳ್ಳುತ್ತವೆ.

ಬೆಲ್ಟ್ ಆದ ಮೇಲೆ ಹೋಲ್ಸ್ಟರ್. ಎನ್ ಫ್ರೇಮ್ ಸಿಲಿಂಡರ್ 1.7 ಇಂಚು ದಪ್ಪ. ಅದನ್ನು ಪ್ಯಾಂಟಿನ ಒಳಗೆ ತುರುಕಿದರೆ ಎಷ್ಟು ಒಳ್ಳೆ ಹೋಲ್ಸ್ಟರ್ ಆದರೂ ಮೂಳೆಗೆ ತಾಗುತ್ತದೆ. ಒಳಗೇ ಇಡಬೇಕು ಅಂತ ಹಟ ಇದ್ದರೆ ಎರಡು ಇಂಚು ದೊಡ್ಡ ಸೊಂಟದ ಪ್ಯಾಂಟ್ ಹೊಲಿಸಿ, ಆದರೂ ನಾನು ಬೇಡ ಅಂತಲೇ ಹೇಳುವುದು. ಹೊರಗಡೆ ಕಟ್ಟುವ ಪ್ಯಾನ್‌ಕೇಕ್ ಮಾದರಿ ನೋಡಿ. ಎರಡು ಚರ್ಮದ ಹಾಳೆ ಸೇರಿಸಿ ಹೊಲಿದದ್ದು, ಆಚೆ ಈಚೆ ಒಂದೊಂದು ಸೀಳು. ಸೀಳುಗಳ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಬೆಲ್ಟ್ ಬಿಗಿದಾಗ ಹಿಡಿ ಪಕ್ಕೆಗೆ ಅಂಟಿಕೊಳ್ಳುತ್ತದೆ. ಸೊಂಟದ ಮೂಳೆಯ ತುದಿ ದಾಟಿ ಸ್ವಲ್ಪ ಹಿಂದೆ, ಅಲ್ಲೊಂದು ತಗ್ಗು ಇದೆ ನೋಡಿ, ಕೈ ಇಟ್ಟರೆ ಗೊತ್ತಾಗುತ್ತದೆ. ಸಿಲಿಂಡರ್ ಅಲ್ಲಿ ಕೂರಬೇಕು. ಹಿಡಿ ಮುಂದಕ್ಕೆ ಸ್ವಲ್ಪ ವಾಲಿರಬೇಕು, ಸುಮಾರು 15 ಡಿಗ್ರಿ. ನೇರ ನಿಲ್ಲಿಸಿದರೆ ಬಗ್ಗಿದಾಗ ಹಿಡಿ ಷರ್ಟನ್ನು ಹಿಂದಕ್ಕೆ ಕುಟ್ಟುತ್ತದೆ.

ಎತ್ತರದ ವಿಚಾರದಲ್ಲೂ ಜನ ತಪ್ಪು ಮಾಡುತ್ತಾರೆ. ಮರೆಯಾಗಲಿ ಅಂತ ತುಂಬ ಮೇಲೆ ಕೂರುವ ಹೋಲ್ಸ್ಟರ್ ತಗೊಳ್ಳುತ್ತಾರೆ. ತೂಕವೆಲ್ಲ ಬೆಲ್ಟಿನ ಮೇಲಕ್ಕೆ ಬಂದರೆ ತಲೆಭಾರವಾಗಿ ಹೊರಕ್ಕೆ ಬಗ್ಗುತ್ತದೆ. ಸಿಲಿಂಡರಿನ ಅರ್ಧವಾದರೂ ಬೆಲ್ಟ್ ಮಟ್ಟದಲ್ಲಿರಲಿ. ಇಲ್ಲಿ ನಾಲ್ಕು ಇಂಚಿನ ಬ್ಯಾರೆಲ್ ನಿಮಗೆ ಸಹಾಯವೇ. ಅದು ತೊಡೆಗೆ ತಾಗಿ ನಿಂತು ಹಿಡಿ ಹೊರಗೆ ವಾಲದಂತೆ ತಡೆಯುತ್ತದೆ. ಮೇಲಿನ ಕಾಮೆಂಟಿನಲ್ಲಿ ಯಾರೋ ಬ್ಯಾರೆಲ್ ಕತ್ತರಿಸಿ ಚಿಕ್ಕದು ಮಾಡಿಸಿ ಅಂದಿದ್ದಾರಲ್ಲ, ಅಂಥ ಮಾತು ಈ ಗುಂಪಿನಲ್ಲಿ ಬರಲೇಬಾರದು. ಆರ್ಮ್ಸ್ ಆ್ಯಕ್ಟ್ 6ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆ ಲೈಸೆನ್ಸೇ ಬೇಕು. ಇಲ್ಲದೆ ಮಾಡಿದರೆ ಅಪರಾಧ. ತಂದೆಯವರ ಆಯುಧ ಹಾಳಾಗುವುದು ಬೇರೆ.

ಮೆತ್ತನೆ ಹೋಲ್ಸ್ಟರನ್ನು ಇವತ್ತೇ ತೆಗೆದಿಡಿ ಅನ್ನುವುದಕ್ಕೆ ನೋವಿಗಿಂತ ದೊಡ್ಡ ಕಾರಣ ಇದೆ. ರಿವಾಲ್ವರ್ ಹೊರಗೆ ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ವಾಪಸ್ ಹಾಕುವಾಗ ಬಟ್ಟೆಯ ಮಡಿಕೆ ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತಲಿನ ಬಳೆಯ, ಒಳಗೆ ಹೋಗಬಹುದು. ಮುಂದೇನು ಅಂತ ನಾನು ಹೇಳಬೇಕಿಲ್ಲ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು, ಬಾಯಿ ತೆರೆದೇ ನಿಲ್ಲುವಷ್ಟು ಗಟ್ಟಿ ಇರಬೇಕು, ಹ್ಯಾಮರಿನ (ಗುಂಡಿಗೆ ಬಡಿಯುವ ಕುದುರೆ) ಹಿಂದಿನಿಂದ ಬರುವ ಗುಂಡಿಪಟ್ಟಿ ಇರಬೇಕು. ತೋಟದಲ್ಲಿ ಚರಂಡಿ ಹಾರುವಾಗ, ಬೇಲಿ ನುಸುಳುವಾಗ ಆ ಪಟ್ಟಿ ಇಲ್ಲದಿದ್ದರೆ ಆಯುಧ ಕೆಳಗೆ ಬಿದ್ದಿರುತ್ತದೆ. ವಾಪಸ್ ಹಾಕುವಾಗ ಆತುರ ಬೇಡ. ಹೆಬ್ಬೆರಳು ಹ್ಯಾಮರಿನ ಮೇಲೆ ಒತ್ತಿ ಇಟ್ಟು, ಕಣ್ಣಲ್ಲಿ ನೋಡಿಕೊಂಡೇ ಹಾಕಿ. ಟ್ರಿಗರಿಗೆ ಏನಾದರೂ ಸಿಕ್ಕಿದರೆ ಹ್ಯಾಮರ್ ಏಳುವುದು ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಬ್ರ್ಯಾಂಡ್ ಕೇಳಿದ್ದೀರಿ. ಗ್ಯಾಲ್ಕೊ, ಬಿಯಾಂಕಿ ಎರಡೂ ಚರ್ಮದಲ್ಲಿ ಒಳ್ಳೆಯವು. ಮಾಡೆಲ್ ನೋಡುವಾಗ ಎನ್ ಫ್ರೇಮ್ ಅಂತಲೇ ಬರೆದಿರಬೇಕು. ಅದಕ್ಕಿಂತ ಸಣ್ಣದಾದ ಕೆ ಫ್ರೇಮಿನದ್ದು ಎಳೆದು ಹಿಗ್ಗಿಸಿದರೆ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಕಾನ್ಪುರದಲ್ಲಿ ಚರ್ಮದ ಕೆಲಸ ಮಾಡುವವರು ಅಳತೆ ಕೊಟ್ಟರೆ ಹೊಲಿದು ಕೊಡುತ್ತಾರೆ, ಆದರೆ ವೆಜಿಟೆಬಲ್ ಟ್ಯಾನ್ ಚರ್ಮ, ಅಂದರೆ ಮರದ ತೊಗಟೆಯಂಥ ಸಸ್ಯರಸದಲ್ಲಿ ಹದ ಮಾಡಿದ್ದು, ಬೇಕು ಅಂತ ಒತ್ತಿ ಹೇಳಿ. ಹೊಸತು ಬಿಗಿಯಾಗಿರುತ್ತದೆ. ಗುಂಡು ತೆಗೆದ ರಿವಾಲ್ವರನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಹೋಲ್ಸ್ಟರಿನ ಒಳಗೆ ಬಿಡಿ, ಸರಿಯಾಗುತ್ತದೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡಬೇಡಿ.

ಹಿಡಿಯನ್ನೂ ಬದಲಿಸಿ. ಫೋಟೋದಲ್ಲಿರುವುದು ಟಾರ್ಗೆಟ್ ಹಿಡಿ, ಬುಡದಲ್ಲಿ ಅಗಲ. ಬಟ್ಟೆಯ ಮೇಲೆ ಎದ್ದು ಕಾಣುವುದು ಬ್ಯಾರೆಲ್ ಅಲ್ಲ, ಯಾವಾಗಲೂ ಹಿಡಿಯ ಬುಡ. ಚಿಕ್ಕ ಮರದ ಹಿಡಿ ಹಾಕಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಹೋಗ್ (Hogue) ಕಂಪನಿಯ ರಬ್ಬರ್ ಹಿಡಿ ಗುರಿ ಹೊಡೆಯಲು ಬಹಳ ಚೆನ್ನ, ನಾನೂ ಬಳಸುತ್ತೇನೆ. ಆದರೆ ರಬ್ಬರಿಗೆ ಷರ್ಟು ಅಂಟಿಕೊಂಡು ಮೇಲೇ ನಿಲ್ಲುತ್ತದೆ. ಷರ್ಟು ಗಾಢ ಬಣ್ಣದ್ದು, ಚೌಕುಳಿ ಇದ್ದರೆ ಇನ್ನೂ ಒಳ್ಳೆಯದು. ತೋಳಿಲ್ಲದ ಜಾಕೆಟ್ ನಮ್ಮ ಕಡೆ ಎಲ್ಲರೂ ಹಾಕುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಗಂಟೆಗಟ್ಟಲೆ ಜೀಪು ಓಡಿಸುವವರಾದರೆ ಎಡಗಡೆ ಮುಂದೆ ಬರುವ, ಬಲಗೈ ಅಡ್ಡ ಚಾಚಿ ತೆಗೆಯುವ ಕ್ರಾಸ್‌ಡ್ರಾ ಹೋಲ್ಸ್ಟರ್ ಒಂದು ಇಟ್ಟುಕೊಳ್ಳಿ. ಕೂತಾಗ ಅದರಷ್ಟು ಆರಾಮ ಬೇರೆ ಇಲ್ಲ, ಆದರೆ ನಿಂತಾಗ ಮರೆಯಾಗುವುದು ಕಷ್ಟ. ಹೆಗಲಿಗೆ ಹಾಕುವುದೂ ನೋಡಿದೆ. ಜನವರಿ ಚಳಿಯಲ್ಲಿ ಚೆನ್ನಾಗಿತ್ತು, ಏಪ್ರಿಲ್‌ನಲ್ಲಿ ಜಾಕೆಟ್ ಬಿಚ್ಚೋ ಹಾಗಿಲ್ಲ.

ಕಾನೂನು ಮರೆಯಬೇಡಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್ಸ್ಟರಿನಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಟೀ ಕುಡಿಯಲು ಇಳಿಯುವುದು ದೊಡ್ಡ ತಪ್ಪು. ನಮ್ಮ ಕೊಡಗಿನಲ್ಲಿ ಕೊಡವರಿಗೂ, ಜಮ್ಮಾ ಅನ್ನುವ ಹಳೆಯ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಬಂದೂಕು ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ, ಸರಿ. ಆದರೂ ವಿನಾಯಿತಿ ಪತ್ರವೋ ಲೈಸೆನ್ಸೋ ಜೇಬಿನಲ್ಲಿರಲಿ. ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಬರಬೇಕಾದ ಕಾಗದ ಮುಗಿದಿದೆಯಾ? ಮುಗಿಯದೆ ಕಟ್ಟಿಕೊಂಡು ಓಡಾಡಬೇಡಿ. ಕುಶಾಲನಗರ ದಾಟಿ ಮೈಸೂರು ಕಡೆ ಒಯ್ಯುವುದಾದರೆ ಮೊದಲು ಮಡಿಕೇರಿಯಲ್ಲಿ ಡಿಸಿ ಆಫೀಸಿನಲ್ಲಿ ಕೇಳಿಕೊಳ್ಳಿ. ಮತ್ತೆ ಆನೆ ಎದುರಾದರೆ ಧೈರ್ಯಕ್ಕೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಯೋಚನೆ ಪೂರ್ತಿ ಬಿಡಿ. ರಿವಾಲ್ವರ್ ಗುಂಡು ಆನೆಯನ್ನು ನಿಲ್ಲಿಸುವುದಿಲ್ಲ, ಕೆರಳಿಸುತ್ತದೆ. ಗಾಯಗೊಂಡ ಆನೆ ಮರುದಿನ ಬರುವುದು ಕಾಫಿ ಕೊಯ್ಯುವ ಹೆಂಗಸರ ಮೇಲೆ.

ಇನ್ನೊಂದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ರಾತ್ರಿ ರಿವಾಲ್ವರನ್ನು ಚರ್ಮದ ಹೋಲ್ಸ್ಟರಿನಲ್ಲಿ ಇಟ್ಟು ಬೀರುವಿಗೆ ಹಾಕಬೇಡಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಚರ್ಮ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ನನ್ನದು ಒಂದು ಮಳೆಗಾಲ ಹಾಗೇ ಉಳಿದುಹೋಯಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೋಕ್ ಪೂ ಅನ್ನುವ ಹೂ ಇಡೋಣ ಅಂತ ಸೆಪ್ಟೆಂಬರ್‌ನಲ್ಲಿ ತೆಗೆದರೆ ಹೋಲ್ಸ್ಟರಿನ ಮೇಲೆ ಹಸಿರು ಬೂಷ್ಟು. ಒಳಗೆ ಸಿಲಿಂಡರಿನ ಗೀರುಗಳಲ್ಲಿ ಕಂದು ಚುಕ್ಕೆ. ಒರೆಸಿದರೆ ತುಕ್ಕು ಹೋಯಿತು, ಕೆಳಗೆ ಸಾಸಿವೆ ಕಾಳಿನಷ್ಟು ಗುಳಿಗಳು ಉಳಿದವು. ನೀಲಿ ಬಣ್ಣ ಅಲ್ಲಿ ಮತ್ತೆ ಬರಲಿಲ್ಲ. ತಾತ ಐವತ್ತು ವರ್ಷ ಜೋಪಾನ ಮಾಡಿದ್ದನ್ನು ನಾನು ಮೂರು ತಿಂಗಳಲ್ಲಿ ಕೆಡಿಸಿದೆ. ಈಗಲೂ ಪೂಜೆಗೆ ಇಡುವಾಗ ಬೆರಳು ಅದೇ ಜಾಗಕ್ಕೆ ಹೋಗುತ್ತದೆ. ನಿಮ್ಮ ಮಾಡೆಲ್ 28 ಕೂಡ ಅದೇ ನೀಲಿ ಬಣ್ಣದ ಲೇಪ, ಅಂದರೆ ಬ್ಲೂಯಿಂಗ್ ಮಾಡಿದ್ದೇ, ಸ್ಟೇನ್‌ಲೆಸ್ ಅಲ್ಲ.

ಮನೆಗೆ ಬಂದ ಕೂಡಲೇ ಗುಂಡು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಗನ್ ಆಯಿಲ್ ಹಚ್ಚಿ, ಬೀಗ ಇರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗುಂಡುಗಳು ಬೇರೆ ಕಡೆ. ಹೋಲ್ಸ್ಟರ್ ಒದ್ದೆ ಆದರೆ ಒಲೆ ಪಕ್ಕ ಒಣಗಿಸಬೇಡಿ, ಚರ್ಮ ಬಿರುಕು ಬಿಡುತ್ತದೆ. ನೆರಳಲ್ಲಿ, ಗಾಳಿಗೆ.

ಮೊದಲು ಬೆಲ್ಟ್ ಮಾತ್ರ ತಗೊಳ್ಳಿ. ಖಾಲಿ ರಿವಾಲ್ವರ್ ಇಟ್ಟುಕೊಂಡು ಒಂದು ವಾರ ಮನೆಯೊಳಗೇ ಓಡಾಡಿ, ಊಟಕ್ಕೆ ಕೂರಿ, ಬಗ್ಗಿ ಬೂಟಿನ ಲೇಸ್ ಕಟ್ಟಿ. ಎಲ್ಲಿ ಒತ್ತುತ್ತದೆ ಅಂತ ಇಲ್ಲೇ ಬರೆಯಿರಿ, ಸೊಂಟದ ಅಳತೆಯನ್ನೂ ಹಾಕಿ. ಸೀಳುಗಳ ಅಂತರ ಎಷ್ಟಿರಬೇಕು ಅಂತ ನನ್ನದನ್ನು ಅಳೆದು ಫೋಟೋ ಕಳಿಸುತ್ತೇನೆ.