ಅಪ್ಪನನ್ನೇ ಕೇಳಿ

"ಲಕ್ವ ಹೊಡೆದ ಮೇಲೆ ಅಪ್ಪನಿಗೆ ಮಾತು ಸರಿಯಾಗಿ ಬರುತ್ತಿಲ್ಲ. ಏನು ಕೇಳಿದರೂ 'ಹೂಂ' ಅನ್ನುತ್ತಾರೆ. ಡಾಕ್ಟರು ಎಲ್ಲವನ್ನೂ ನನ್ನ ಹತ್ತಿರವೇ ಕೇಳುತ್ತಾರೆ. ಅಪ್ಪನಿಗೆ ಅರ್ಥವಾಗುತ್ತಿದೆಯಾ? ಅವರ ಬದಲು ನಾನೇ ಉತ್ತರ ಹೇಳಿಬಿಡಲಾ?" ಅಂತ ಓದುಗರೊಬ್ಬರು ಬರೆದಿದ್ದಾರೆ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹೇಳಿಬಿಡಬೇಡಿ. ಮಾತು ಹೋಯಿತು ಅಂದರೆ ಬುದ್ಧಿಯೂ ಹೋಯಿತು ಅಂತಲ್ಲ. ಹೀಗೆ ಮಾತು ಕೆಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದರೆ ಹೇಳಬೇಕಾದ್ದು ಮನಸ್ಸಿನಲ್ಲಿದ್ದರೂ ಪದ ಸಿಗುವುದಿಲ್ಲ.

1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಅವರ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ 'ಟ್ಯಾನ್' ಅನ್ನುವ ಒಂದೇ ಸದ್ದು. ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿದರೆ, ಅಂಗೈಯನ್ನು ನಾಲ್ಕು ಸಲ ಬಿಚ್ಚಿ, ಆಮೇಲೆ ಒಂದು ಬೆರಳು ತೋರಿಸಿದರು. 21 ವರ್ಷ. ಲೆಕ್ಕ ಸರಿಯಾಗಿತ್ತು!

ಎಲ್ಲರದ್ದೂ ಹೀಗೇ ಇರುವುದಿಲ್ಲ, ನಿಜ. ಕೆಲವರು ಪಟಪಟ ಮಾತಾಡುತ್ತಾರೆ, ಆದರೆ ನಾವು ಹೇಳಿದ್ದು ಅವರಿಗೆ ತಲುಪುವುದಿಲ್ಲ. ಅದಕ್ಕೇ 'ಹೂಂ' ಅಂದದ್ದನ್ನು ಸುಮ್ನೆ ನಂಬಬಾರದು. ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ "ಬೇಡ, ಬೇಡ" ಅಂದರು ಅಂತ ನಾನು ಕನ್ನಡಕ ಎತ್ತಿಟ್ಟೆ. ಅವರ ಕೈ ಮಾತ್ರ ಕನ್ನಡಕದ ಕಡೆಗೇ ಚಾಚಿತ್ತು. ಬೇಕು ಅನ್ನಲು ಹೋದರೆ ಬೇಡ ಅಂತ ಬರುತ್ತಿತ್ತು. ಅದು ಗೊತ್ತಾಗಲು ನನಗೆ ಮೂರು ದಿನ ಹಿಡಿಯಿತು. ಈಗಲೂ ಆ ಮೂರು ದಿನ ನೆನೆದರೆ ಸಂಕಟವಾಗುತ್ತದೆ.

ನೀವು ಹೀಗೆ ಮಾಡಿ ನೋಡಿ. "ನೋವಿದೆಯಾ?" ಅಂತ ಕೇಳಿ. ಸ್ವಲ್ಪ ಬಿಟ್ಟು "ನೋವು ಹೋಯಿತಾ?" ಅಂತ ಕೇಳಿ. ಎರಡಕ್ಕೂ 'ಹೂಂ' ಬಂದರೆ ಬಾಯಿಮಾತು ಬಿಟ್ಟು ಮುಖ, ಕೈ ನೋಡಿ. ಒಂದು ಹಾಳೆಯಲ್ಲಿ 'ಹೌದು', 'ಇಲ್ಲ' ಅಂತ ದಪ್ಪಕ್ಕೆ ಬರೆದು ಮುಂದಿಡಿ, ಬೆರಳಿಡಲಿ. ಟಿವಿ ಆರಿಸಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕಷ್ಟದ ಕೆಲಸ ಇದೇ. ನಾವು ಎರಡು ಎಣಿಸುವಷ್ಟರಲ್ಲಿ ಬಾಯಿ ಹಾಕುತ್ತೇವೆ, ಅಲ್ವಾ? ಕಿವಿ ಚೆನ್ನಾಗಿದ್ದರೆ ಕೂಗುವುದೂ ಬೇಡ.

ಮರೆವಿನ ಕಾಯಿಲೆ ಇರುವವರ ದಾರಿ ಸ್ವಲ್ಪ ಬೇರೆ. "ನಾನು ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿಬಿಡಿ. ಆದರೆ ಯಾರಿಗೇ ಆಗಲಿ, ಒಂದೆರಡು ದಿನದಲ್ಲೇ ಗೊಂದಲ ಜಾಸ್ತಿಯಾದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಸೋಂಕು ಅಥವಾ ಹೊಸ ಮಾತ್ರೆ ಕಾರಣವಿರಬಹುದು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮೊದಲೇ ಹೇಳಿ: "ದಯವಿಟ್ಟು ಅಪ್ಪನನ್ನೇ ಕೇಳಿ. ಅವರಿಗೆ ಸ್ವಲ್ಪ ಹೊತ್ತು ಬೇಕು. ನಾನು ಪಕ್ಕದಲ್ಲೇ ಇರುತ್ತೇನೆ." ಮಾತಿನ ತರಬೇತಿ ಕೊಡುವ ಸ್ಪೀಚ್ ಥೆರಪಿಸ್ಟ್ ಬೇಕು ಅಂತಲೂ ಅಲ್ಲೇ ಕೇಳಿ, ತಡಮಾಡಬೇಡಿ. ಅಪ್ಪನ ಬಲಗೈ ಸೋತಿದ್ದರೆ ಪೆನ್ನನ್ನು ಎಡಗೈಗೆ ಕೊಡಿ. ಗೀಚಿದ ಹಾಳೆಗಳನ್ನು ಎಸೆಯದೆ ಥೆರಪಿಗೆ ತಗೊಂಡು ಹೋಗಿ.

– ಸಂಪಾದಕ